ಕಳಚಿಡಲಾಗದ ಒಡವೆ

ಕಳ್ಳನು ಕದಿಯಲಾರದ, ಅಡವಿಡಲು ಬಾರದ, ಪಾಲಾಗುವಾಗ ದಾಯಾದಿಗಳ ಕೈಗೆ ಹೋಗದ ಒಡವೆ ಯಾವುದು? ಹೀಗೆ ಯಾರಾದರೂ ಒಗಟು ಹಾಕಿದ್ದರೆ ನಮ್ಮ ಹಳ್ಳಿಯ ಅಜ್ಜಿಯಂದಿರು ಮಾತನಾಡದೆ ಮುಂಗೈ ಚಾಚಿ ತೋರಿಸುತ್ತಿದ್ದರು. ಅಲ್ಲಿರುವುದು ಹಚ್ಚೆ. ಬಂಗಾರ ಕಷ್ಟಕಾಲದಲ್ಲಿ ಲೇವಾದೇವಿಯವನ ಪೆಟ್ಟಿಗೆ ಸೇರುತ್ತದೆ. ಬಳೆ ಒಡೆಯುತ್ತದೆ, ಸೀರೆ ಹರಿಯುತ್ತದೆ. ಕೊನೆಯ ದಿನ ಮೂಗುತಿ ಕಾಲುಂಗುರಗಳನ್ನೂ ಬಿಚ್ಚಿಕೊಂಡೇ ಕಳುಹಿಸುತ್ತಾರೆ. ಹಚ್ಚೆಯೊಂದು ಮಾತ್ರ ಜೊತೆಯಲ್ಲಿ ಬರುತ್ತದೆ ಎಂಬುದು ಅವರ ನಂಬಿಕೆ. ಈ ಮಾತು ಕನ್ನಡ ನಾಡಿನದು ಮಾತ್ರವಲ್ಲ. ಮಹಾರಾಷ್ಟ್ರದಲ್ಲಿಯೂ ಮಧ್ಯ ಭಾರತದ ಗುಡ್ಡಗಾಡುಗಳಲ್ಲಿಯೂ ಹೆಂಗಸರು ಇದನ್ನೇ ಹೇಳುತ್ತಾರೆ.

ಈ ಒಡವೆಯನ್ನು ನೋಡಲು ಊರಿಗೇ ಹೋಗಬೇಕೆಂದಿಲ್ಲ. ಬೆಳಿಗ್ಗೆ ಎಂಟು ಗಂಟೆಯ ಹೊತ್ತಿಗೆ ಮುಂಬಯಿಯ ಯಾವುದಾದರೂ ಉಪನಗರದ ಕೂಲಿ ನಾಕಾದಲ್ಲಿ ನಿಂತು ನೋಡಿರಿ. ಕಲಬುರ್ಗಿ, ಯಾದಗಿರಿ, ವಿಜಾಪುರಗಳ ಕಡೆಯಿಂದ ಕಟ್ಟಡದ ಕೆಲಸಕ್ಕೆಂದು ಬಂದ ಹೆಂಗಸರು ಬುಟ್ಟಿ ಸಲಿಕೆಗಳನ್ನು ಪಕ್ಕಕ್ಕಿಟ್ಟುಕೊಂಡು ಮುಕಾದಮನ ದಾರಿ ಕಾಯುತ್ತಿರುತ್ತಾರೆ. ಅವರಲ್ಲಿ ವಯಸ್ಸಾದವರ ಹಣೆಯ ನಡುವೆ, ಗದ್ದದ ಮೇಲೆ, ಮುಂಗೈಯಲ್ಲಿ ಹಸುರು ಚುಕ್ಕಿಗಳು ಕಾಣುತ್ತವೆ. ಅದೇ ಹೊತ್ತಿಗೆ ಅದೇ ರಸ್ತೆಯಲ್ಲಿ ಕಾಲೇಜಿಗೂ ಆಫೀಸಿಗೂ ಹೊರಟ ನಮ್ಮ ಮನೆಗಳ ಹುಡುಗ ಹುಡುಗಿಯರು ಹೋಗುತ್ತಾರೆ. ಅವರಲ್ಲಿ ಕೆಲವರ ಮಣಿಕಟ್ಟಿನ ಮೇಲೂ ಚಿತ್ರವಿರುತ್ತದೆ. ಅದನ್ನು ಅವರು 'ಟ್ಯಾಟೂ' ಎನ್ನುತ್ತಾರೆ. ಎರಡೂ ಒಂದೇ ವಿದ್ಯೆ. ಎರಡೂ ಕಡೆ ಕನ್ನಡವೇ ಮನೆಮಾತು. ಆದರೂ ಈ ಕೈ ಆ ಕೈಯನ್ನು ಗುರುತಿಸುವುದಿಲ್ಲ. ಒಂದನ್ನು ಹಳ್ಳಿಯ ಒರಟು ಗುರುತೆಂದೂ ಇನ್ನೊಂದನ್ನು ಪಟ್ಟಣದ ಹೊಸ ಬೆಡಗೆಂದೂ ತಿಳಿದುಬಿಟ್ಟಿದ್ದೇವೆ. ಈ ಎರಡು ಕೈಗಳಿಗೂ ಪರಿಚಯ ಮಾಡಿಕೊಡುವುದೇ ಈ ಲೇಖನದ ಉದ್ದೇಶ.

ಹೆಸರಿನ ಹಿಂದೆ

ಹಚ್ಚೆ ಎಂಬ ಮಾತು ಬಣ್ಣದಿಂದ ಬಂದುದು. ಹಳಗನ್ನಡದಲ್ಲಿ ಪಚ್ಚೆ ಎಂದರೆ ಹಸುರು. ಪಾಲು ಹಾಲಾದಂತೆ, ಪೂ ಹೂವಾದಂತೆ ಪಚ್ಚೆ ಹಚ್ಚೆಯಾಯಿತು. ತಮಿಳರಿಗೂ ಇದು 'ಪಚ್ಚೈ' ಕುತ್ತುವ ಕೆಲಸವೇ. ತೆಲುಗರು ಪಚ್ಚಬೊಟ್ಟು ಎನ್ನುತ್ತಾರೆ. ನಮ್ಮ ಧಾರವಾಡದ ಕಡೆ ಹಣಚಿಬಟ್ಟು ಎಂದೂ ಕರೆಯುವುದುಂಟು. ಮುಂಬಯಿಯ ನಮ್ಮ ನೆರೆಯವರಾದ ಮರಾಠಿಗರು ಇದನ್ನು 'ಗೋಂದಣ' ಎಂದೂ ಹಿಂದಿಯವರು 'ಗೋದನಾ' ಎಂದೂ ಹೇಳುತ್ತಾರೆ. ಅವರ ಮಾತಿನಲ್ಲಿ ಚುಚ್ಚುವುದಕ್ಕೆ ಪ್ರಾಧಾನ್ಯ. ದಕ್ಷಿಣದವರು ನೋವನ್ನು ಮರೆತು ಬಣ್ಣವನ್ನು ನೆನಪಿಟ್ಟುಕೊಂಡರೆಂದು ಹೇಳಬಹುದು. ಇನ್ನು 'ಟ್ಯಾಟೂ' ಎಂಬ ಮಾತಾದರೂ ಇಂಗ್ಲಿಷಿನ ಹುಟ್ಟುಮಾತಲ್ಲ. ೧೭೬೯ರಲ್ಲಿ ಕ್ಯಾಪ್ಟನ್ ಕುಕ್ಕನ ಹಡಗು ಪೆಸಿಫಿಕ್ ಸಾಗರದ ತಾಹಿತಿ ದ್ವೀಪಕ್ಕೆ ಹೋದಾಗ ಅಲ್ಲಿನವರ 'ತತೌ' ಎಂಬ ಮಾತನ್ನು ಅವರು ಹೊತ್ತು ತಂದರು. ನಮ್ಮ ಮಕ್ಕಳು ಇಂದು ದ್ವೀಪವಾಸಿಗಳ ಮಾತನ್ನು ಇಂಗ್ಲಿಷಿನ ಮೂಲಕ ಕಲಿತು ಅಜ್ಜಿಯ ಮಾತನ್ನು ಮರೆತಿದ್ದಾರೆ.

ಸೂಜಿ, ಕಾಡಿಗೆ, ಹಾಡು

ಹಚ್ಚೆ ಹೊಯ್ಯುವವಳ ಸಾಮಾನು ಒಂದು ಬುಟ್ಟಿಯಲ್ಲಿ ಅಡಗುವಷ್ಟು. ದಾರದಿಂದ ಬಿಗಿದು ಕಟ್ಟಿದ ಮೂರು ನಾಲ್ಕು ಸೂಜಿ, ಬಣ್ಣ ಕಲಸಲು ತೆಂಗಿನ ಕರಟ, ಎಣ್ಣೆಯ ದೀಪದ ಮೇಲೆ ಕವುಚಿ ಹಿಡಿದು ಕೂಡಿಸಿದ ಕಾಡಿಗೆ, ಅದನ್ನು ಅರೆಯಲು ಯಾವುದಾದರೂ ಹಸುರು ಸೊಪ್ಪಿನ ರಸ. ಕೆಲವು ಕಡೆ ಎದೆಹಾಲಿನಲ್ಲಿ ಅರೆಯುವ ವಾಡಿಕೆಯೂ ಇತ್ತು. ಮೊದಲು ಕಡ್ಡಿಯಿಂದ ಚಿತ್ರವನ್ನು ಬರೆದುಕೊಂಡು, ಚರ್ಮವನ್ನು ಎರಡು ಬೆರಳುಗಳಿಂದ ಬಿಗಿಯಾಗಿ ಎಳೆದು ಹಿಡಿದು, ಗೆರೆಯ ಗುಂಟ ಸೂಜಿಯನ್ನು ಆಡಿಸುತ್ತಾ ಹೋಗುವುದು. ರಕ್ತ ಜಿನುಗಿದರೆ ಒರೆಸಿ ಮತ್ತೆ ಬಣ್ಣ ಸವರುವುದು. ಮುಗಿದ ಮೇಲೆ ತೊಳೆದು ಅರಿಸಿನ ಮೆತ್ತುವುದು. ಎರಡು ದಿನ ಊತ, ಆಮೇಲೆ ಹಕ್ಕಳೆ; ಅದು ಉದುರಿದ ಮೇಲೆ ಹಚ್ಚೆ ಮೂಡುತ್ತದೆ.

ಚುಚ್ಚಿಸಿಕೊಳ್ಳುವವಳು ಸಾಮಾನ್ಯವಾಗಿ ಮದುವೆಗೆ ಮುಂಚಿನ ಎಳೆಯ ಹುಡುಗಿ. ನೋವಿಗೆ ಅವಳು ಅಳದಿರಲೆಂದು ಹಚ್ಚೆಯವಳು ಹಾಡುತ್ತಿದ್ದಳು. ತವರು, ಮದುವೆ, ಬರಲಿರುವ ಗಂಡ, ಹುಟ್ಟಲಿರುವ ಮಗು ಎಲ್ಲವೂ ಆ ಹಾಡುಗಳಲ್ಲಿ ಬರುತ್ತಿದ್ದವು. ನೆರೆಯ ಹೆಂಗಸರು ಸುತ್ತ ಕೂತು ಹುಡುಗಿಯನ್ನು ಗೇಲಿ ಮಾಡುತ್ತಿದ್ದರು, ಸಮಾಧಾನವನ್ನೂ ಹೇಳುತ್ತಿದ್ದರು. ಕೂಲಿಯೆಂದರೆ ಮೊರದಲ್ಲಿ ಒಂದಿಷ್ಟು ಜೋಳವೋ ರಾಗಿಯೋ, ಎಲೆಯಡಿಕೆ, ಒಂದು ಹಳೆಯ ಸೀರೆ, ಕೈಲಾದಷ್ಟು ಕಾಸು.

ಕಾಡಿಗೆ ಕಪ್ಪು, ಮೈಮೇಲಿನ ಹಚ್ಚೆ ಹಸುರು. ಇದು ಹೇಗೆಂದು ಮಕ್ಕಳು ಕೇಳಿದರೆ ಸೊಪ್ಪಿನ ರಸದ ಮಹಿಮೆಯೆಂದು ಹಳಬರು ಹೇಳುವರು. ನಿಜವಾದ ಕಾರಣ ಬೇರೆ. ಸೊಪ್ಪಿನ ಬಣ್ಣ ಮೈಯೊಳಗೆ ಹೆಚ್ಚು ದಿನ ನಿಲ್ಲುವುದಿಲ್ಲ; ಉಳಿಯುವುದು ಕಾಡಿಗೆಯ ಇದ್ದಲ ಕಣ. ಅದು ಚರ್ಮದ ಒಳಪದರದಲ್ಲಿ ಕೂತಿರುತ್ತದೆ. ಮೇಲಿನ ಪದರವನ್ನು ಹಾಯ್ದು ನೋಡುವಾಗ ಬೆಳಕಿನಲ್ಲಿಯ ನೀಲಿಯ ಭಾಗ ಹೆಚ್ಚಾಗಿ ಚೆದರಿ ನಮ್ಮ ಕಣ್ಣಿಗೆ ಮರಳುವುದರಿಂದ ಕಪ್ಪು ನೀಲಿ-ಹಸುರಾಗಿ ಕಾಣುತ್ತದೆ.

ಇನ್ನೊಂದು ಸೋಜಿಗವಿದೆ. ಚರ್ಮದ ಮೇಲ್ಪದರ ಕೆಲವು ವಾರಗಳಿಗೊಮ್ಮೆ ಸವೆದು ಹೊಸದಾಗುತ್ತಿರುತ್ತದೆ; ಹಚ್ಚೆ ಮಾತ್ರ ಐವತ್ತು ಅರವತ್ತು ವರ್ಷ ಹಾಗೆಯೇ ಉಳಿಯುತ್ತದೆ. ಹೊರಗಿನಿಂದ ಬಂದ ಕಣಗಳನ್ನು ಮೈಯ ರಕ್ಷಕ ಜೀವಕೋಶಗಳು ನುಂಗಿ ಹಿಡಿದುಕೊಳ್ಳುತ್ತವೆ. ಆ ಕೋಶ ಸತ್ತರೆ ಬಣ್ಣ ಹೊರಬೀಳುತ್ತದೆ. ಕೂಡಲೇ ಪಕ್ಕದಲ್ಲಿ ಹುಟ್ಟಿದ ಹೊಸ ಕೋಶ ಅದನ್ನು ಎತ್ತಿಕೊಳ್ಳುತ್ತದೆ. ೨೦೧೮ರಲ್ಲಿ ಫ್ರಾನ್ಸಿನ ಸಂಶೋಧಕರು ಇಲಿಗಳ ಮೇಲೆ ಪ್ರಯೋಗ ಮಾಡಿ ಇದನ್ನು ಕಂಡುಕೊಂಡರು. ಹಚ್ಚೆ ಉಳಿಯುವುದು ಹೀಗೆ ಒಬ್ಬರು ಬಿಟ್ಟುದನ್ನು ಮತ್ತೊಬ್ಬರು ಎತ್ತಿಕೊಳ್ಳುವುದರಿಂದ. ಊರು ಬಿಟ್ಟು ಬಂದ ನಾವು ಈ ಮಾತನ್ನು ಸ್ವಲ್ಪ ಯೋಚಿಸಬೇಕು.

ಅಕ್ಷರ ಬಾರದವರ ಅಕ್ಷರ

ನಮ್ಮ ಹಚ್ಚೆಯ ಚಿತ್ರಗಳು ಮನೆಯ ಅಂಗಳದಿಂದಲೇ ಎದ್ದು ಬಂದವು. ಚುಕ್ಕಿ ಇಟ್ಟು ಗೆರೆ ಎಳೆಯುವ ಕ್ರಮ ರಂಗೋಲಿಯದು. ತುಳಸಿಕಟ್ಟೆ, ತೊಟ್ಟಿಲು, ಬಾಸಿಂಗ, ಚೇಳು, ಜೋಗಿಜಡೆ ಮೊದಲಾದವು ಹಚ್ಚೆಯ ಹೆಸರಾದ ಚಿತ್ರಗಳು. ಇವುಗಳಲ್ಲಿ ತುಳಸಿಕಟ್ಟೆ ತೊಟ್ಟಿಲುಗಳು ಧಾರವಾಡದ ಕಸೂತಿಯಲ್ಲಿಯೂ ಬರುತ್ತವೆ. ಹೆಂಗಸರು ಇದೇ ಚಿತ್ರವನ್ನು ಬೆಳಿಗ್ಗೆ ನೆಲದ ಮೇಲೆ ಬರೆದರು, ಮಧ್ಯಾಹ್ನದ ಬಿಡುವಿನಲ್ಲಿ ಬಟ್ಟೆಯ ಮೇಲೆ ಹೊಲಿದರು, ಬದುಕಿನಲ್ಲಿ ಒಂದು ಸಲ ಮೈಮೇಲೆ ಬರೆಸಿಕೊಂಡರು. ನೆಲದ್ದು ಸಂಜೆಯೊಳಗೆ ಅಳಿಸುತ್ತದೆ, ಬಟ್ಟೆಯದು ಕೆಲವು ವರ್ಷ ಬಾಳುತ್ತದೆ, ಮೈಮೇಲಿನದು ಜೀವ ಇರುವತನಕ.

ಪ್ರತಿಯೊಂದಕ್ಕೂ ಒಂದು ಅರ್ಥವುಂಟು. ತೊಟ್ಟಿಲು ಸಂತಾನದ ಹರಕೆ. ಬಾಸಿಂಗ ಮುತ್ತೈದೆತನದ ಆಸೆ. ಚೇಳಿನ ಚಿತ್ರವಿದ್ದವಳಿಗೆ ಚೇಳು ಕುಟುಕದೆಂಬ ಧೈರ್ಯ. ಗದ್ದದ ಚುಕ್ಕಿ ಕೆಟ್ಟ ದೃಷ್ಟಿಗೆ ತಡೆ. ಗಂಡನ ಹೆಸರನ್ನು ಬಾಯಲ್ಲಿ ಹೇಳಬಾರದೆಂಬ ಕಾಲದಲ್ಲಿ ಅದನ್ನು ಮುಂಗೈಯಲ್ಲಿ ಬರೆಸಿಕೊಂಡ ಹೆಂಗಸರು, ಸರಕಾರದವನು ಕೇಳಿದರೆ ನಾಚಿಕೊಂಡು ಕೈ ಮುಂದೆ ಮಾಡಿದರಾಯಿತು. ತನ್ನ ಹೆಸರನ್ನೇ ಬರೆಸಿಕೊಂಡವರೂ ಬಹಳ. ಜಾತ್ರೆಯ ಗದ್ದಲದಲ್ಲಿ ತಪ್ಪಿಸಿಕೊಂಡರೆ ಗುರುತು ಸಿಗಲಿ ಎಂಬುದು ಅದರ ಉದ್ದೇಶವೆಂದು ಹೇಳುವರು. ಲಂಬಾಣಿ ತಾಂಡೆಯ ಹೆಂಗಸಿನ ಕೈಯ ಚುಕ್ಕಿಗಳ ವಿನ್ಯಾಸ ಬೇರೆ, ಒಕ್ಕಲು ಮನೆಯ ಹೆಂಗಸಿನದು ಬೇರೆ. ಓದಲು ಬಲ್ಲವರಿಗೆ ಹೆಣ್ಣಿನ ಕೈ ನೋಡಿದರೆ ಅವಳು ಯಾವ ಸೀಮೆಯವಳು, ಯಾವ ಜನ ಎಂಬುದು ಅಲ್ಪಸ್ವಲ್ಪವಾದರೂ ತಿಳಿಯುತ್ತಿತ್ತು. ಕಾಗದವೂ ಕಚೇರಿಯೂ ದೂರವಾಗಿದ್ದ ಜನಕ್ಕೆ ಮೈಯೇ ಕಾಗದವಾಗಿತ್ತು.

ಮುಂಬಯಿಯಲ್ಲಿ ಈ ಓದು ನಮಗೆ ನೆರೆಯವರನ್ನೂ ಪರಿಚಯಿಸುತ್ತದೆ. ಮರಾಠಿ ಹೆಂಗಸರ ಗೋಂದಣದಲ್ಲಿಯೂ ತುಳಸಿ ವೃಂದಾವನವಿದೆ, ಹಣೆಯ ಚುಕ್ಕಿಯಿದೆ. ಮೀನಿನ ಬುಟ್ಟಿಯ ಮುಂದೆ ಕೂತ ಮುದುಕಿಯಾದ ಕೋಳೀ ಜನಾಂಗದ ಬಾಯಿಯ ಕೈಯನ್ನು ಮುಂದಿನ ಸಲ ಗಮನವಿಟ್ಟು ನೋಡಿರಿ. ನಿಮ್ಮ ಅಜ್ಜಿಯ ಕೈಯಲ್ಲಿ ಕಂಡ ಚಿತ್ರ ಅಲ್ಲಿ ಕಂಡರೆ ಆಶ್ಚರ್ಯವಿಲ್ಲ. ಗಡಿಯ ಜಗಳಗಳು ಮಾತಿಗೆ ಬಂದಷ್ಟು ಹಚ್ಚೆಗೆ ಬಂದಿಲ್ಲ.

ಹಚ್ಚೆಯವಳ ಕಥೆ

ಹಚ್ಚೆಯ ಮಾತನ್ನಾಡುವಾಗ ಹಚ್ಚೆಯವಳನ್ನು ಮರೆಯುವುದು ನಮ್ಮ ರೂಢಿ. ಕನ್ನಡ ನಾಡಿನಲ್ಲಿ ಈ ವಿದ್ಯೆ ಮುಖ್ಯವಾಗಿ ಎರಡು ಅಲೆಮಾರಿ ಜನರ ಹೆಂಗಸರ ಕೈಯಲ್ಲಿತ್ತು. ಒಬ್ಬರು ಕೊರಮ ಅಥವಾ ಕೊರವರು. ಬುಟ್ಟಿ ಹೆಣೆಯುವುದು, ಕಣಿ ಹೇಳುವುದು, ಹಚ್ಚೆ ಹೊಯ್ಯುವುದು ಅವರ ಕಸುಬು. ಇನ್ನೊಬ್ಬರು ಕಿಳ್ಳೇಕ್ಯಾತರು, ಗಂಡಸರು ತೊಗಲುಬೊಂಬೆ ಆಡಿಸಿದರೆ ಹೆಂಗಸರು ಹಚ್ಚೆ ಹೊಯ್ಯುತ್ತಿದ್ದರು. ೧೯೦೯ರಲ್ಲಿ ಪ್ರಕಟವಾದ ಥರ್ಸ್ಟನ್ನನ ಏಳು ಸಂಪುಟಗಳ ಜಾತಿ ಬುಡಕಟ್ಟುಗಳ ಗ್ರಂಥದಲ್ಲಿಯೂ ಮೈಸೂರು ಸೀಮೆಯ ಕಿಳ್ಳೇಕ್ಯಾತ ಹೆಂಗಸರ ಈ ಕಸುಬಿನ ಉಲ್ಲೇಖವಿದೆ. ತೊಗಲಿನ ಮೇಲೆ ರಾಮ ಸೀತೆಯರನ್ನು ಕೊರೆಯುವ ಮನೆಯವರೇ ಚರ್ಮದ ಮೇಲೆ ತುಳಸಿಕಟ್ಟೆಯನ್ನು ಬರೆದರು.

ಕೊರವಂಜಿಯೆಂದರೆ ನಮ್ಮ ಸಾಹಿತ್ಯಕ್ಕೂ ರಂಗಭೂಮಿಗೂ ಎಷ್ಟು ಪ್ರೀತಿ! ಯಕ್ಷಗಾನದಲ್ಲಿ ಅವಳ ಪ್ರವೇಶವಾದರೆ ಸಭೆ ಎಚ್ಚರವಾಗುತ್ತದೆ. ಶ್ರೀನಿವಾಸ ಕಲ್ಯಾಣದ ಕಥೆಯಲ್ಲಿ ಸಾಕ್ಷಾತ್ ಶ್ರೀನಿವಾಸನೇ ಕೊರವಂಜಿಯ ವೇಷ ತಾಳಿ ಪದ್ಮಾವತಿಯ ಅರಮನೆಗೆ ಬರುತ್ತಾನೆ. ರಾಶಿಯವರು, ಅಂದರೆ ಡಾ. ಎಂ. ಶಿವರಾಂ ಅವರು, ೧೯೪೨ರಲ್ಲಿ ಆರಂಭಿಸಿದ ಹಾಸ್ಯ ಮಾಸಪತ್ರಿಕೆಗೆ 'ಕೊರವಂಜಿ' ಎಂದೇ ಹೆಸರಿಟ್ಟರು.

ದೇವರು ವೇಷ ತೊಟ್ಟ ಈ ಜನಕ್ಕೆ ಸರಕಾರ ತೊಡಿಸಿದ್ದು ಬೇರೆ ಹೆಸರು. ೧೮೭೧ರಲ್ಲಿ ಬ್ರಿಟಿಷರು ತಂದ ಕ್ರಿಮಿನಲ್ ಟ್ರೈಬ್ಸ್ ಕಾನೂನು ಕೆಲವು ಜಾತಿಗಳ ಜನರನ್ನು ಹುಟ್ಟಿನಿಂದಲೇ ಅಪರಾಧಿಗಳೆಂದು ಎಣಿಸಿತು. ೧೯೧೧ರ ತಿದ್ದುಪಾಟಿನ ಮೇಲೆ ಅದು ದಕ್ಷಿಣಕ್ಕೂ ಹಬ್ಬಿತು. ಕೊರವರೂ ಆ ಪಟ್ಟಿಯಲ್ಲಿ ಸೇರಿದರು. ಆಗ ಮುಂಬಯಿ ಇಲಾಖೆಗೆ ಸೇರಿದ್ದ ವಿಜಾಪುರ, ಹುಬ್ಬಳ್ಳಿ, ಗದಗು, ಸೊಲ್ಲಾಪುರಗಳಲ್ಲಿ ಇಂಥ ಜಾತಿಗಳಿಗಾಗಿ ತಂತಿಬೇಲಿಯ ಸೆಟ್ಲಮೆಂಟುಗಳು ಎದ್ದವು. ಹುಬ್ಬಳ್ಳಿಯಲ್ಲಿ ಆ ಭಾಗಕ್ಕೆ ಇಂದಿಗೂ ಸೆಟ್ಲಮೆಂಟ್ ಎಂಬ ಹೆಸರೇ ಉಳಿದಿದೆ. ಪಟ್ಟಿಯಲ್ಲಿದ್ದವರು ಪೋಲೀಸು ಠಾಣೆಯಲ್ಲಿ ಹಾಜರಿ ಹಾಕಬೇಕು. ಊರಿಂದೂರಿಗೆ ಹೋಗಲು ಅಪ್ಪಣೆ ಬೇಕು. ತಿರುಗಾಟದಿಂದಲೇ ಹೊಟ್ಟೆ ಹೊರೆಯುವ ಹಚ್ಚೆಯವಳಿಗೆ ಇದರಿಂದ ಏನಾಗಿರಬೇಕೆಂದು ಊಹಿಸಬಹುದು. ಆ ಕಾನೂನು ರದ್ದಾದುದು ೧೯೫೨ರ ಆಗಸ್ಟ್ ೩೧ರಂದು, ದೇಶಕ್ಕೆ ಸ್ವಾತಂತ್ರ್ಯ ಬಂದು ಐದು ವರ್ಷಗಳಾದ ಮೇಲೆ. ಅಂದಿನಿಂದ ಇವರು ವಿಮುಕ್ತರು. ಕಾನೂನು ಹೋದರೂ ಅನುಮಾನದ ಕಣ್ಣು ಬೇಗನೆ ಹೋಗಲಿಲ್ಲ.

ಸೂಜಿಯನ್ನು ಸರಕಾರವೂ ಹಿಡಿದ ಕಾಲವಿತ್ತು. ಬಂಗಾಲದಲ್ಲಿ ೧೭೯೭ರ ನಿಬಂಧನೆಯ ಪ್ರಕಾರ ಜೀವಾವಧಿಯ ಕೈದಿಗಳ ಹಣೆಯ ಮೇಲೆ ಅವರ ಅಪರಾಧವನ್ನು ಗೋದನಾ ಹಾಕಿ ಬರೆಯುತ್ತಿದ್ದರು. ೧೮೪೯ರಲ್ಲಿ ಅದನ್ನು ನಿಲ್ಲಿಸಿದರು. ಒಂದೇ ಕಾಡಿಗೆ, ಒಂದೇ ಸೂಜಿ. ಹಚ್ಚೆಯವಳ ಕೈಯಲ್ಲಿ ಅದು ಮಂಗಳದ ಗುರುತಾಯಿತು, ಜೈಲಿನವನ ಕೈಯಲ್ಲಿ ಕಳಂಕವಾಯಿತು.

ಎಲ್ಲವೂ ಸಿಹಿಯಲ್ಲ

ಹಳೆಯದೆಲ್ಲವೂ ಹೊನ್ನೆಂದು ಹಾಡುವುದು ನಮ್ಮ ಉದ್ದೇಶವಲ್ಲ. ಎಂಟು ಹತ್ತು ವರ್ಷದ ಹುಡುಗಿಯನ್ನು ನಾಲ್ವರು ಹಿಡಿದು ಕೂರಿಸಿ ಚುಚ್ಚಿಸುವಾಗ ಅವಳ ಇಷ್ಟವನ್ನು ಯಾರೂ ಕೇಳುತ್ತಿರಲಿಲ್ಲ. ಒಂದೇ ಸೂಜಿ ಊರಿನ ಎಲ್ಲ ಹುಡುಗಿಯರ ಕೈಗೂ ಹೋಗುತ್ತಿತ್ತು. ಹುಣ್ಣಾಗಿ ಜ್ವರ ಬಂದು ನರಳಿದವರೂ ಇರುತ್ತಿದ್ದರು. ಹಚ್ಚೆಯಿಲ್ಲದ ಸೊಸೆಯನ್ನು ಹಂಗಿಸುವ ಅತ್ತೆಯರಿದ್ದರು. ಜಾತಿಯ ಗುರುತಾಗಿ ನಿಂತ ಹಚ್ಚೆ ಒಬ್ಬಳನ್ನು ಪಂಕ್ತಿಯಲ್ಲಿ ಕೂರಿಸಲೂ, ಇನ್ನೊಬ್ಬಳನ್ನು ದೂರ ನಿಲ್ಲಿಸಲೂ ನೆರವಾಯಿತು.

ಪಟ್ಟಣಕ್ಕೆ ಬಂದ ಮೇಲೆ ಬೇರೆ ಸಂಕಟ. ಮಕ್ಕಳ ಇಂಗ್ಲಿಷ್ ಶಾಲೆಯ ಸಭೆಗೆ ಹೋಗುವಾಗ ಉದ್ದ ತೋಳಿನ ರವಿಕೆ ತೊಟ್ಟು ಮುಂಗೈ ಮುಚ್ಚಿಕೊಂಡ ತಾಯಂದಿರು ನಮ್ಮಲ್ಲಿ ಇದ್ದಾರೆ. ಹಣೆಯ ಚುಕ್ಕಿಯ ಮೇಲೆ ದೊಡ್ಡ ಕುಂಕುಮವನ್ನಿಟ್ಟು ಮರೆಮಾಡಿದವರೂ ಇದ್ದಾರೆ. ಹಳ್ಳಿಯಲ್ಲಿ ಇಲ್ಲದಿದ್ದರೆ ಅವಮಾನ, ಪಟ್ಟಣದಲ್ಲಿ ಇದ್ದರೆ ಅವಮಾನ! ಹೆಣ್ಣಿನ ಮೈಮೇಲಿನ ಗುರುತಿನ ಬೆಲೆಯನ್ನು ಬೇರೆಯವರು ಕಟ್ಟುತ್ತಿರುವ ತನಕ ಈ ಪಾಡು ತಪ್ಪಿದ್ದಲ್ಲ. ಹೀಗಾಗಿ ಬಲವಂತದ ಆ ಪದ್ಧತಿ ನಿಂತದ್ದಕ್ಕೆ ಅಳಬೇಕಾಗಿಲ್ಲ. ಅದರೊಡನೆ ಚಿತ್ರಗಳೂ ಹಾಡುಗಳೂ ಹೆಸರುಗಳೂ ಹೇಳಹೆಸರಿಲ್ಲದೆ ಹೋಗುತ್ತಿರುವುದು ಮಾತ್ರ ನಷ್ಟ.

ಊರು ಬಿಟ್ಟ ಇತರರು

ಊರು ಬಿಟ್ಟವರು ಗುರುತನ್ನು ಎಲ್ಲಿ ಇರಿಸಿಕೊಳ್ಳಬೇಕೆಂಬುದು ನಮಗೊಬ್ಬರಿಗೇ ಬಂದ ಪ್ರಶ್ನೆಯಲ್ಲ. ಲಾವೋಸ್, ವಿಯೆಟ್ನಾಂ, ದಕ್ಷಿಣ ಚೀನಗಳ ಬೆಟ್ಟಗಳಲ್ಲಿ ಹ್ಮಾಂಗ್ ಎಂಬ ಜನರಿದ್ದಾರೆ. ೧೯೭೫ರಲ್ಲಿ ಲಾವೋಸಿನ ಯುದ್ಧ ಮುಗಿದಾಗ ಸೋತ ಪಕ್ಷದಲ್ಲಿದ್ದ ಸಾವಿರಾರು ಹ್ಮಾಂಗರು ಮೆಕಾಂಗ್ ನದಿಯನ್ನು ದಾಟಿ ಥಾಯ್ಲೆಂಡಿನ ನಿರಾಶ್ರಿತರ ಶಿಬಿರ ಸೇರಿದರು. ಅಲ್ಲಿಂದ ಅಮೆರಿಕದ ಮಿನೆಸೋಟ, ಕ್ಯಾಲಿಫೋರ್ನಿಯಗಳಿಗೆ ಹೋದರು. ಅವರ ಮಾತಿಗೆ ಇಂದು ಬಳಕೆಯಲ್ಲಿರುವ ರೋಮನ್ ಬರಹ ಹುಟ್ಟಿದ್ದೇ ೧೯೫೦ರ ದಶಕದಲ್ಲಿ. ಅದಕ್ಕೆ ಮುಂಚೆ ಅವರ ನೆನಪೆಲ್ಲ ಹೆಂಗಸರು ಹೊಲಿಯುವ ಹೂಬಟ್ಟೆಯ ಕಸೂತಿಯಲ್ಲಿತ್ತು. ಶಿಬಿರಗಳಲ್ಲಿ ಕೂತು ಯುದ್ಧವನ್ನೂ ನದಿ ದಾಟಿದ್ದನ್ನೂ ಅವರು ಬಟ್ಟೆಯ ಮೇಲೆ ಹೊಲಿದರು. ಆ ಕಸೂತಿಯಲ್ಲಿ ಬಸವನಹುಳುವಿನ ಸುರುಳಿಯಂಥ ಒಂದು ಚಿತ್ರವಿದೆ; ಒಂದರೊಳಗೊಂದು ಸುತ್ತಿಕೊಂಡ ತಲೆಮಾರುಗಳ ಸಂಸಾರ ಎಂದು ಅದರ ಅರ್ಥ. ಅಮೆರಿಕದಲ್ಲಿ ಹುಟ್ಟಿದ ಹ್ಮಾಂಗ್ ತರುಣರಲ್ಲಿ ಕೆಲವರು ಇಂದು ಅದೇ ಕಸೂತಿಯ ಚಿತ್ರಗಳನ್ನು ತೋಳಿನ ಮೇಲೆ ಟ್ಯಾಟೂ ಹಾಕಿಸಿಕೊಳ್ಳುತ್ತಾರೆ. ಅಜ್ಜಿ ಬಟ್ಟೆಯ ಮೇಲೆ ಹೊಲಿದುದು ಮೊಮ್ಮಗನ ಚರ್ಮಕ್ಕೆ ಬಂದಿತು. ಅವರಿಗೆ ಮರಳಿ ಹೋಗಲು ಊರಿಲ್ಲ, ಮೈಯೇ ಊರಾಯಿತು.

ನ್ಯೂಜಿಲೆಂಡಿನ ಮಾವೊರಿ ಹೆಂಗಸರು ಗದ್ದದ ಮೇಲೆ ಹಾಕಿಸಿಕೊಳ್ಳುವ ಹಚ್ಚೆ ಒಂದು ಕಾಲಕ್ಕೆ ಅಳಿದೇಹೋಗುವಂತಿತ್ತು. ೨೦೧೬ರಲ್ಲಿ ನನಾಯಾ ಮಹುಟಾ ಎಂಬ ಪಾರ್ಲಿಮೆಂಟಿನ ಸದಸ್ಯೆ ಅದನ್ನು ಹಾಕಿಸಿಕೊಂಡರು. ೨೦೨೦ರಲ್ಲಿ ಅವರು ಆ ದೇಶದ ವಿದೇಶಾಂಗ ಮಂತ್ರಿಯಾಗಿ ಅದೇ ಮುಖದಿಂದ ಲೋಕವನ್ನೆಲ್ಲ ಎದುರಿಸಿದರು. ನಮ್ಮ ದೇಶದ ಛತ್ತೀಸಗಢದಲ್ಲಿ, ದೇವಾಲಯದೊಳಕ್ಕೆ ಬಿಡದ ಕಾಲದಲ್ಲಿ, ರಾಮನಾಮಿಗಳೆಂಬ ಪಂಥದವರು ಮೈತುಂಬ ರಾಮನ ಹೆಸರನ್ನೇ ಹಚ್ಚೆ ಹಾಕಿಸಿಕೊಂಡರು. ಗುಡಿಯ ಬಾಗಿಲು ಮುಚ್ಚಿದರೆ ಮೈಯನ್ನೇ ಗುಡಿ ಮಾಡಿಕೊಂಡರು. ನಮ್ಮ ಸೇನೆಯ ನಿಯಮ ಕೂಡ ಸಾಮಾನ್ಯ ಅಭ್ಯರ್ಥಿಗಳ ಹಚ್ಚೆಗೆ ಮಿತಿಯಿಟ್ಟು, ಬುಡಕಟ್ಟಿನ ಅಭ್ಯರ್ಥಿಗಳಿಗೆ ಅವರ ಸಂಪ್ರದಾಯದ ಹಚ್ಚೆಗೆ ರಿಯಾಯಿತಿ ಕೊಟ್ಟಿದೆ.

ಹೊಸ ಸೂಜಿ, ಕನ್ನಡ ಅಕ್ಷರ

ಸೂಜಿಗೆ ವಿದ್ಯುತ್ತು ಬಂದು ಬಹಳ ಕಾಲವಾಯಿತು. ಎಡಿಸನ್ ೧೮೭೬ರಲ್ಲಿ ಕಾಗದಕ್ಕೆ ತೂತು ಕೊರೆಯುವ ವಿದ್ಯುತ್ ಲೇಖಣಿಗೆ ಪೇಟೆಂಟ್ ಪಡೆದನು. ಅದೇ ಉಪಾಯವನ್ನು ತಿದ್ದಿ ನ್ಯೂಯಾರ್ಕಿನ ಸ್ಯಾಮ್ಯುಯೆಲ್ ಒ'ರೈಲಿ ೧೮೯೧ರಲ್ಲಿ ಹಚ್ಚೆಯ ಯಂತ್ರ ಮಾಡಿದನು. ನಮ್ಮ ಜಾತ್ರೆಗಳಿಗೆ ಬ್ಯಾಟರಿಯ ಯಂತ್ರ ಬಂದಾಗ ಹಾಡು ನಿಂತಿತು, ಜುಯ್ಯೆನ್ನುವ ಸದ್ದು ಉಳಿಯಿತು. ಹಲಗೆಯ ಮೇಲೆ ಬರೆದಿಟ್ಟ ಓಂಕಾರ, ಹನುಮಂತ, ಬಾಣ ನೆಟ್ಟ ಹೃದಯ ಇವುಗಳಲ್ಲಿ ಒಂದನ್ನು ಗಂಡಸರೂ ಆರಿಸಿಕೊಂಡರು. ಈಗ ಮುಂಬಯಿಯ ಉಪನಗರಗಳಲ್ಲಿ ತಂಪು ಹವೆಯ ಕೋಣೆಗಳಲ್ಲಿ ಕೈಗವಸು ತೊಟ್ಟ ಕಲಾವಿದರು ಈ ಕೆಲಸ ಮಾಡುತ್ತಾರೆ.

ನಮ್ಮ ಹುಡುಗರು ಅಲ್ಲಿ ಏನನ್ನು ಬರೆಸಿಕೊಳ್ಳುತ್ತಾರೆಂಬುದು ಗಮನಿಸತಕ್ಕ ವಿಷಯ. ಇಂಗ್ಲಿಷಿನಲ್ಲಿ ಓದಿ, ಗೆಳೆಯರೊಡನೆ ಹಿಂದಿಯಲ್ಲಿ ಮಾತನಾಡುವ ಹುಡುಗನು 'ಅಮ್ಮ' ಎಂದು ಕನ್ನಡದಲ್ಲಿ ಬರೆಸಿಕೊಂಡು ಬರುತ್ತಾನೆ. ೨೦೨೧ರ ಅಕ್ಟೋಬರ್ ೨೯ರಂದು ಪುನೀತ್ ರಾಜಕುಮಾರ್ ತೀರಿಕೊಂಡ ಮೇಲೆ ಎಷ್ಟೋ ಅಭಿಮಾನಿಗಳು 'ಅಪ್ಪು' ಎಂದು ಬರೆಸಿಕೊಂಡರು. ಕನ್ನಡದಲ್ಲಿ ಒಂದು ಪುಟ ಓದಲು ತಡವರಿಸುವ ಮಕ್ಕಳು ಎರಡು ಕನ್ನಡ ಅಕ್ಷರಗಳಿಗಾಗಿ ರಕ್ತ ಕೊಡಲು ಸಿದ್ಧರಿದ್ದಾರೆ! ಇದನ್ನು ಕಂಡು ಕೋಪಗೊಳ್ಳುವುದಕ್ಕಿಂತ, ಆ ಎರಡಕ್ಷರಕ್ಕೆ ಮುಂದೆ ನಾಲ್ಕಕ್ಷರ ಸೇರಿಸುವುದು ಹೇಗೆಂದು ಹಿರಿಯರು ಯೋಚಿಸುವುದು ಮೇಲು.

ಇಲ್ಲಿ ಒಂದೆರಡು ಎಚ್ಚರಿಕೆಯ ಮಾತುಗಳು. ಮುಂಬಯಿಯ ಹೆಚ್ಚಿನ ಟ್ಯಾಟೂ ಕಲಾವಿದರಿಗೆ ಕನ್ನಡ ಬರುವುದಿಲ್ಲ; ಕೊಟ್ಟುದನ್ನು ಚಿತ್ರದಂತೆ ನಕಲು ಮಾಡುತ್ತಾರೆ. ಒತ್ತಕ್ಷರ ಬಿಟ್ಟುಹೋಗುವುದು, ಕೊಂಬು ದೀರ್ಘ ತಪ್ಪುವುದು, ಅರ್ಕಾವೊತ್ತು ಬೇರೆ ಅಕ್ಷರಕ್ಕೆ ಅಂಟಿಕೊಳ್ಳುವುದು ಸುಲಭ. ಕಾಗದದ ತಪ್ಪನ್ನು ಅಳಿಸಬಹುದು, ಇದನ್ನು ಅಳಿಸುವುದು ಕಷ್ಟ. ಆದುದರಿಂದ ಕನ್ನಡ ಬಲ್ಲ ಹಿರಿಯರೊಬ್ಬರಿಂದ ದೊಡ್ಡದಾಗಿ ಬರೆಸಿ, ಸೂಜಿ ಇಡುವ ಮುನ್ನ ಮೈಮೇಲಿನ ಕರಡನ್ನು ಅವರಿಗೇ ತೋರಿಸಿರಿ. ಹೊಸ ಸೂಜಿಯನ್ನು ನಿಮ್ಮ ಎದುರಿನಲ್ಲಿಯೇ ಪೊಟ್ಟಣದಿಂದ ತೆಗೆಯಬೇಕು, ಬಣ್ಣವನ್ನು ನಿಮಗಾಗಿ ಬೇರೆ ಬಟ್ಟಲಿಗೆ ಸುರಿಯಬೇಕು. ಇಲ್ಲವಾದರೆ ಕಾಮಾಲೆ ಮೊದಲಾದ ರೋಗಗಳು ರಕ್ತದ ಮೂಲಕ ಅಂಟುವ ಭಯವುಂಟು. ಕೆಂಪು ಬಣ್ಣ ಕೆಲವರ ಚರ್ಮಕ್ಕೆ ಒಗ್ಗುವುದಿಲ್ಲ. ಹಚ್ಚೆ ಹಾಕಿಸಿಕೊಂಡ ಮೇಲೆ ಒಂದು ವರ್ಷ ರಕ್ತದಾನ ಮಾಡುವಂತಿಲ್ಲ. ಲೇಸರಿನಿಂದ ತೆಗೆಸುತ್ತೇನೆಂದರೆ ಹಲವು ಸಲ ಹೋಗಬೇಕು, ಖರ್ಚೂ ಹೆಚ್ಚು, ಗುರುತು ಪೂರ್ತಿ ಹೋಗುವುದೆಂಬ ಭರವಸೆಯೂ ಇಲ್ಲ. ಮುಖ್ಯವಾಗಿ, ತಿಳಿವಳಿಕೆ ಬರುವ ಮುನ್ನ ಮಕ್ಕಳ ಮೈಗೆ ಸೂಜಿ ಬೇಡ. ಅಜ್ಜಿಯ ಕಾಲದ ಆ ತಪ್ಪನ್ನು ನಾವು ಮಾಡುವುದು ಬೇಡ.

ಓದುಗರಲ್ಲಿ ಒಂದು ಬಿನ್ನಹ

ಹಳೆಯ ಹಚ್ಚೆಯ ಆಲಬಂ ಯಾವ ಮನೆಯಲ್ಲಿಯೂ ಇಲ್ಲ. ಅದು ಇರುವುದು ಎಪ್ಪತ್ತು ಎಂಬತ್ತು ದಾಟಿದ ಹೆಂಗಸರ ಕೈಗಳ ಮೇಲೆ. ಒಬ್ಬೊಬ್ಬರು ಹೋದಂತೆ ಒಂದೊಂದು ಹಾಳೆ ಸುಟ್ಟುಹೋಗುತ್ತಿದೆ. ಅವರು ನಂಬಿದಂತೆ ಹಚ್ಚೆ ಅವರೊಡನೆ ಹೋಗಲಿ, ಅದು ಅವರ ಸೊತ್ತು. ಅದರ ನಕಲೊಂದು ನಮ್ಮಲ್ಲಿ ಉಳಿದರೆ ಸಾಕು.

ಬರುವ ರಜೆಯಲ್ಲಿ ಊರಿಗೆ ಹೋದಾಗ, ಅಥವಾ ಇಲ್ಲಿಯೇ ಮನೆಯಲ್ಲಿ ಅಜ್ಜಿ ಇದ್ದರೆ ಈ ಭಾನುವಾರವೇ, ಮಕ್ಕಳನ್ನು ಅವರ ಪಕ್ಕದಲ್ಲಿ ಕೂರಿಸಿರಿ. ಅಜ್ಜಿಯ ಒಪ್ಪಿಗೆ ಕೇಳಿ ಕೈಯ ಚಿತ್ರವನ್ನು ತೆಗೆದುಕೊಳ್ಳಲಿ. ಒಪ್ಪದಿದ್ದರೆ ಅಲ್ಲಿಗೆ ಬಿಡಲಿ. ಕಾಗದದ ಮೇಲೆ ಚುಕ್ಕಿಗೆ ಚುಕ್ಕಿ ಸರಿಯಾಗಿ ಬರೆದುಕೊಳ್ಳಲಿ. ಈ ಚಿತ್ರದ ಹೆಸರೇನು, ಯಾವ ಊರಿನಲ್ಲಿ, ಎಷ್ಟು ವರ್ಷದವಳಿದ್ದಾಗ ಹಾಕಿಸಿದರು, ಹಾಕಿದವಳು ಯಾರು, ಅವಳು ಏನು ಹಾಡಿದಳು, ಕೂಲಿ ಏನು ಕೊಟ್ಟರು, ಅತ್ತೆಯೋ ಅಳುವೋ, ಎಲ್ಲವನ್ನೂ ಕೇಳಲಿ. ಹಚ್ಚೆಯವಳ ಹೆಸರು ನೆನಪಿದ್ದರೆ ಅದನ್ನು ತಪ್ಪದೆ ಬರೆದಿಡಲಿ. ಈ ವಿದ್ಯೆಯನ್ನು ಬೀದಿಬೀದಿ ಹೊತ್ತು ತಿರುಗಿದ ಆ ಹೆಂಗಸಿನ ಹೆಸರನ್ನು ಯಾವ ಪುಸ್ತಕವೂ ಬರೆದುಕೊಂಡಿಲ್ಲ.

ಅಜ್ಜಿಯಿಲ್ಲದ ಮನೆಯವರೂ ಸುಮ್ಮನಿರಬೇಕಾಗಿಲ್ಲ. ನಮ್ಮ ಕಟ್ಟಡಕ್ಕೆ ಮರಳು ಹೊರುವ ಹೆಂಗಸು ಕನ್ನಡದವಳಾಗಿದ್ದರೆ, ಅವಳ ಕೈಯ ತುಳಸಿಕಟ್ಟೆಯನ್ನು ಕಂಡು 'ಯಾವೂರು ಅವ್ವ?' ಎಂದು ಕೇಳಿ ನೋಡಿರಿ. ನಮ್ಮ ಸಂಘ ಸಂಸ್ಥೆಗಳು ಇಷ್ಟು ವರ್ಷ ತಲುಪಲಾರದ ಕನ್ನಡಿಗರ ಮುಂಬಯಿಗೆ ಅಷ್ಟರಿಂದಲೇ ದಾರಿ ತೆರೆದೀತು.